ದುಡಿಮೆಯ ಹೊತ್ತು, ವ್ರತದ ಹೊತ್ತು

ಅಷ್ಟಮೀ ಚತುರ್ದಶಿಗಳಲ್ಲಿ ಉಪವಾಸವಿದ್ದು ಅದೇ ದಿನ ಸಂಬಳದ ಕೆಲಸಕ್ಕೂ ಹೋಗಬೇಕಾದ ಶ್ರಾವಕನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಆ ದಿನದ ಹೊತ್ತು ಯಾರದು? ವ್ರತದ್ದೋ, ಸಂಬಳ ಕೊಡುವವರದೋ? ನಮ್ಮ ಶ್ರಾವಕಾಚಾರ ಗ್ರಂಥಗಳು ಪ್ರೋಷಧೋಪವಾಸವನ್ನು ವಿವರಿಸುವಾಗ ಆರಂಭವನ್ನು ತ್ಯಜಿಸಿ ಏಕಾಂತದಲ್ಲಿಯೋ ಜಿನಾಲಯದಲ್ಲಿಯೋ ಧರ್ಮಧ್ಯಾನದಲ್ಲಿರುವ ಗೃಹಸ್ಥನನ್ನು ಕಣ್ಣಮುಂದಿಟ್ಟುಕೊಂಡಿವೆ. ಉತ್ತಮ ಪ್ರೋಷಧವೆಂದರೆ ಹದಿನಾರು ಪ್ರಹರ. ಹಿಂದಿನ ದಿನ ಏಕಾಶನ, ಪರ್ವದಿನ ಉಪವಾಸ, ಮರುದಿನ ಮತ್ತೆ ಏಕಾಶನ. ಅಂಗಡಿಯ ಯಜಮಾನನಾದವನು ಬಾಗಿಲೆಳೆದುಕೊಂಡು ಕೂರಬಹುದು. ಹೊಲದ ಒಡೆಯನು ನೇಗಿಲನ್ನು ಮೂಲೆಗಿಡಬಹುದು. ಪರರ ಲೆಕ್ಕ ಬರೆಯುವವನು ಹಾಗೆ ಮಾಡಲಾರನು. ಅವನ ಹಗಲನ್ನು ಇನ್ನೊಬ್ಬರು ಕೊಂಡುಕೊಂಡಿದ್ದಾರೆ.

ಕೊಡಗಿನಲ್ಲಿ ದಿಗಂಬರ ಮನೆಗಳು ವಿರಳ. ಶನಿವಾರಸಂತೆಯ ಸಮೀಪದ ಮುಳ್ಳೂರಿನಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳು ಮೂರು ನಿಂತಿವೆ. ಹನ್ನೊಂದನೆಯ ಶತಮಾನದಲ್ಲಿ ಕೊಂಗಾಳ್ವ ಅರಸರ ಆಶ್ರಯದಲ್ಲಿ ಅಲ್ಲಿ ಧರ್ಮವು ಬೆಳಗಿತ್ತು. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿಗೆ ಗುರುಗಳಾಗಿದ್ದ ಗುಣಸೇನ ಪಂಡಿತರು ಊರವರಿಗಾಗಿ ಬಾವಿ ತೋಡಿಸಿದುದನ್ನು ಅಲ್ಲಿಯ ಶಾಸನವೊಂದು ಹೇಳಿದರೆ, 1064ರಲ್ಲಿ ಅವರು ಮುಡಿಪಿದುದನ್ನು ಇನ್ನೊಂದು ಹೇಳುತ್ತದೆ. ಅಂತಹ ಸೀಮೆಯಲ್ಲಿ ಇಂದು ಕಾಫಿ ತೋಟಗಳ ರೈಟರಾಗಿಯೋ ಗುಮಾಸ್ತರಾಗಿಯೋ ದುಡಿಯುವ ಜೈನನಿಗೆ ತನ್ನ ವ್ರತವನ್ನು ಕಂಡು ಅನುಸರಿಸಿ ನಡೆಯುವ ನೆರೆಹೊರೆಯಿಲ್ಲ. ಅವನು ತನ್ನ ಹೊತ್ತನ್ನು ತಾನೇ ಹೊಂದಿಸಿಕೊಳ್ಳಬೇಕು.

ಅಂತಹ ಒಬ್ಬ ರೈಟರ ಪ್ರಸಂಗವನ್ನು ವಿಚಾರಕ್ಕೆ ತೆಗೆದುಕೊಳ್ಳಬಹುದು. ಸೋಮವಾರಪೇಟೆಯ ಕಡೆಯ ತೋಟವೆಂದಿಟ್ಟುಕೊಳ್ಳೋಣ. ಈತನಿಗೆ ರಾತ್ರಿಭೋಜನ ತ್ಯಾಗವು ಯಾವಜ್ಜೀವದ ವ್ರತ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ ನಲವತ್ತೆಂಟು ನಿಮಿಷ, ಮುಂಚೆಯೇ ಊಟ ಮುಗಿಯಬೇಕೆಂಬುದು ಮನೆತನದ ಕಟ್ಟುಪಾಡು. ಮಾರ್ಗಶಿರ ಪುಷ್ಯಗಳಲ್ಲಿ ಕೊಡಗಿನ ಸೂರ್ಯನು ಆರು ಗಂಟೆಯ ಆಸುಪಾಸಿಗೆ ಮುಳುಗುತ್ತಾನೆ. ಆದ್ದರಿಂದ ಐದೂಕಾಲರೊಳಗೆ ಊಟವಾಗಬೇಕು. ಅದೇ ಕಾಲವು ಕಾಫಿ ಕೊಯ್ಲಿನ ಕಾಲ. ಹಣ್ಣು ಕೊಯ್ದ ಆಳುಗಳು ಚೀಲಗಳನ್ನು ಹೊತ್ತು ಕಣಕ್ಕೆ ಬಂದು ತೂಕಕ್ಕೆ ಸಾಲುಗಟ್ಟುವುದು ಸರಿಯಾಗಿ ಆ ಹೊತ್ತಿಗೆ. ದಿನದ ಕೂಲಿಗೆ ಇಷ್ಟು ಕಿಲೋ ಎಂದು ಗೊತ್ತಿದ್ದು ಅದರ ಮೇಲೆ ಕೊಯ್ದ ಹಣ್ಣಿಗೆ ಕಿಲೋ ಲೆಕ್ಕದಲ್ಲಿ ಹೆಚ್ಚಿನ ಹಣ ಸಲ್ಲುವ ಪದ್ಧತಿ ತೋಟಗಳಲ್ಲಿ ಉಂಟು. ಹೀಗಾಗಿ ತಕ್ಕಡಿಯ ಮುಳ್ಳು ಎಲ್ಲಿ ನಿಂತಿತೆಂಬುದು ಆಳಿನ ಅನ್ನದ ಪ್ರಶ್ನೆ.

ಈ ರೈಟರಿಗೆ ಮನೆಗೆ ಓಡುವ ಆತುರ. ಮುಳ್ಳು ಪೂರ್ತಿ ನಿಲ್ಲುವ ಮುನ್ನವೇ ಅಂಕಿಯನ್ನು ಬರೆದುಕೊಂಡನು. ಇಪ್ಪತ್ತೆರಡೂವರೆ ಎಂದಾಗಬೇಕಾದುದು ಇಪ್ಪತ್ತೆರಡಾಯಿತು. ಚಿಲ್ಲರೆಯನ್ನು ಕೂಡಿಸುವಷ್ಟು ಹೊತ್ತು ಅವನಲ್ಲಿರಲಿಲ್ಲ. ಐವತ್ತು ಆಳುಗಳಿಗೆ ಅರ್ಧರ್ಧ ಕಿಲೋ ಎಂದರೆ ಸಂಜೆಗೆ ಇಪ್ಪತ್ತೈದು ಕಿಲೋ. ನಲವತ್ತು ದಿನದ ಕೊಯ್ಲಿಗೆ ಸಾವಿರ ಕಿಲೋ. ಒಂದು ಟನ್ ಹಣ್ಣನ್ನು ಕೊಯ್ದ ಕೈಗಳಿಗೆ ಅದರ ಕೂಲಿ ತಲುಪಲಿಲ್ಲ. ಅದರಲ್ಲಿ ಒಂದು ಕಾಸೂ ರೈಟರ ಜೇಬಿಗೆ ಬೀಳಲಿಲ್ಲವೆಂಬುದು ನಿಜ. ಅವನು ಮನೆಗೆ ಹೋಗಿ, ಕೈಕಾಲು ತೊಳೆದು, ಹೊತ್ತಿಗೆ ಸರಿಯಾಗಿ ಉಂಡು, ವ್ರತವು ಅಖಂಡವಾಗಿ ನಡೆಯಿತೆಂದು ತೃಪ್ತಿಪಟ್ಟನು.

ಇದು ಅಖಂಡ ವ್ರತವೇ? ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತೂಕ ಅಳತೆಗಳನ್ನು ಹೆಚ್ಚು ಕಡಿಮೆ ಮಾಡುವುದೂ ಒಂದು. ಅದು ವ್ಯಾಪಾರಿಯ ಲೋಭಕ್ಕೆ ಹೇಳಿದ ಮಾತೆಂದು ಈ ರೈಟರು ವಾದಿಸಬಹುದು. ಆದರೆ ಕೊಡದಿರುವುದನ್ನು ತೆಗೆದುಕೊಳ್ಳುವುದು ಕಳವು ಎಂಬ ತತ್ತ್ವದ ಹಿಂದೆ ಪ್ರಮಾದವೆಂಬ ಶಬ್ದವೂ ನಿಂತಿದೆಯೆಂಬುದನ್ನು ತತ್ತ್ವಾರ್ಥವನ್ನು ಓದಿದವರು ಬಲ್ಲರು. ಇಲ್ಲಿ ಅವನು ತೆಗೆದುಕೊಂಡದ್ದು ಹಣ್ಣನ್ನಲ್ಲ, ಹೊತ್ತನ್ನು. ಆಳುಗಳಿಗೆ ಸಲ್ಲಬೇಕಾದ ಹತ್ತು ನಿಮಿಷದ ಗಮನವನ್ನು ತನ್ನ ಊಟಕ್ಕೆ ತೆಗೆದಿಟ್ಟುಕೊಂಡನು. ಆ ಹತ್ತು ನಿಮಿಷವನ್ನು ಅವರಾರೂ ಅವನಿಗೆ ಕೊಟ್ಟಿರಲಿಲ್ಲ.

ಹಾಗಾದರೆ ಕೊಯ್ಲು ಮುಗಿಯುವವರೆಗೆ ವ್ರತವನ್ನು ಬದಿಗಿಡಲಿ ಎನ್ನುವವರಿದ್ದಾರೆ. ಇದು ಸುಲಭದ ಮಾತು, ಮತ್ತು ತಪ್ಪು ಮಾತು. ನಿಯಮ ಬೇರೆ, ಯಮ ಬೇರೆ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಬಿಡಿಸಿ ಹೇಳಿದ್ದಾರೆ. ದಿನ, ಪಕ್ಷ, ಮಾಸ, ಋತು, ಅಯನ ಎಂದು ಕಾಲದ ಎಲ್ಲೆಯಿಟ್ಟು ಹಿಡಿದದ್ದು ನಿಯಮ. ಬದುಕಿರುವಷ್ಟು ಕಾಲಕ್ಕೆ ಹಿಡಿದದ್ದು ಯಮ. ಯಮವಾಗಿ ಹಿಡಿದುದನ್ನು ಕಾಫಿ ಹಣ್ಣಾಯಿತೆಂದು ಕೆಳಗಿಡಲಾಗದು. ಆದರೆ ಅದನ್ನು ಪಾಲಿಸುವ ಕ್ರಮವನ್ನು ಹೊಂದಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ವ್ರತವು ಕದಲಬಾರದು, ವ್ರತಿಯು ಕದಲಬೇಕು.

ಕಾಲದ ವಿಷಯದಲ್ಲಿ ನಮ್ಮ ದರ್ಶನವು ಹೇಳುವ ಒಂದು ಸೂಕ್ಷ್ಮವನ್ನು ಇಲ್ಲಿ ನೆನೆಯಬೇಕು. ಷಡ್ದ್ರವ್ಯಗಳಲ್ಲಿ ಐದು ಅಸ್ತಿಕಾಯಗಳು. ಕಾಲವೊಂದು ಮಾತ್ರ ಅಲ್ಲ. ಕಾಲಾಣುಗಳು ರತ್ನರಾಶಿಯಲ್ಲಿನ ರತ್ನಗಳಂತೆ ಒಂದೊಂದು ಪ್ರದೇಶದಲ್ಲಿ ಬಿಡಿಬಿಡಿಯಾಗಿರುತ್ತವೆ, ಒಂದಕ್ಕೊಂದು ಬೆಸೆದು ಸ್ಕಂಧವಾಗುವುದಿಲ್ಲ. ಹಣವನ್ನು ಕೂಡಿಡಬಹುದು, ಭತ್ತವನ್ನು ಪತ್ತಾಯದಲ್ಲಿ ತುಂಬಿಡಬಹುದು. ಹೊತ್ತನ್ನು ಹಾಗೆ ಗುಡ್ಡೆ ಹಾಕಲಾಗದು. ಇದು ದ್ರವ್ಯವಿಚಾರವೇ ಹೊರತು ಕಚೇರಿಯ ವಿಚಾರವಲ್ಲವೆಂದು ಪಂಡಿತರು ಆಕ್ಷೇಪಿಸಿದರೆ ಒಪ್ಪಬೇಕಾದದ್ದೇ. ಆದರೂ ಇಂದು ಗಡಿಬಿಡಿಯಲ್ಲಿ ಬರೆದುದನ್ನು ನಾಳೆ ಬಿಡುವಿನಲ್ಲಿ ಸರಿಪಡಿಸುವೆನೆನ್ನುವವನು ಕಾಲವನ್ನು ಅಸ್ತಿಕಾಯವೆಂದು ಭ್ರಮಿಸಿದವನೇ ಸರಿ. ನಾಳೆಗೆ ಆ ಹಣ್ಣು ಪಲ್ಪರಿನಲ್ಲಿ ಸಿಪ್ಪೆ ಕಳಚಿರುತ್ತದೆ; ತೂಕಕ್ಕೆ ಸಾಕ್ಷಿಯೇ ಉಳಿದಿರುವುದಿಲ್ಲ.

ರೈಟರು ಮಾಡಬೇಕಾದುದು ಸಣ್ಣ ಕೆಲಸ, ಆದರೆ ನಾಲಿಗೆಗೆ ಕಷ್ಟದ್ದು. ಸಾಹುಕಾರರ ಬಳಿಗೆ ಹೋಗಿ, ನಡುಹಗಲಿಗೊಮ್ಮೆ ಸಂಜೆಗೊಮ್ಮೆ ಎರಡು ತೂಕ ನಡೆಸಲು ಅಪ್ಪಣೆಯಾಗಬೇಕೆಂದು ಬಿನ್ನವಿಸುವುದು. ಕಾರಣವನ್ನು ಮರೆಮಾಚದೆ ತನ್ನ ವ್ರತದ ಸಲುವಾಗಿಯೆಂದೇ ಹೇಳುವುದು. ನಮ್ಮವರಲ್ಲಿ ಅನೇಕರು ವ್ರತವನ್ನು ಗುಟ್ಟಾಗಿ ಪಾಲಿಸಿ, ಅದರ ಭಾರವನ್ನು ಗೊತ್ತಿಲ್ಲದವರ ತಲೆಯ ಮೇಲೆ ಹೊರಿಸುತ್ತಾರೆ. ವಿನಯದಿಂದ ತಿಳಿಸಿ ಕೇಳುವುದು ಆಡಂಬರವಲ್ಲ. ಸಾಹುಕಾರರು ಒಪ್ಪದಿದ್ದರೆ ನಾಲ್ಕು ಗಂಟೆಗೆ ಬುತ್ತಿಯ ಗಂಟನ್ನು ಬಿಚ್ಚಿ ಅಲ್ಲಿಯೇ ಉಣ್ಣಬೇಕು. ಅದೂ ಆಗದ ದಿನ ಸಂಜೆಯ ಊಟವನ್ನೇ ಬಿಡಬೇಕು. ಅವಮೋದರ್ಯವೂ ತಪಸ್ಸೇ, ಆ ದಿನ ಹಸಿವು ವ್ರತ ಹಿಡಿದವನ ಹೊಟ್ಟೆಯಲ್ಲಿಯೇ ಉಳಿಯುತ್ತದೆ, ಕೊಯ್ದವಳ ಮನೆಗೆ ಹೋಗುವುದಿಲ್ಲ.

ಪ್ರೋಷಧದ ಅತಿಚಾರಗಳನ್ನೂ ಇದೇ ದೃಷ್ಟಿಯಿಂದ ಓದಬಹುದು. ನೋಡದೆ ಒರೆಸದೆ ವಸ್ತುಗಳನ್ನು ತೆಗೆಯುವುದು ಇಡುವುದು, ಅನಾದರ, ಮರೆವು. ಉಪವಾಸದಿಂದ ಬಳಲಿದವನು ಮೇಜಿನ ಮುಂದೆ ಕುಳಿತಾಗ ಬರುವ ದೋಷಗಳೂ ಇವೇ: ನೋಡದೆ ರುಜು, ಕೇಳಲು ಬಂದವರಲ್ಲಿ ಅನಾದರ, ಹೇಳಿದುದರ ಮರೆವು. ಉಪವಾಸಿಯು ಆಲಸ್ಯವಿಲ್ಲದವನಾಗಿರಬೇಕೆಂದು ಸಮಂತಭದ್ರರೇ ವಿಧಿಸಿರುವಾಗ, ಇಂದು ಉಪವಾಸವೆಂಬ ಮಾತನ್ನು ಕೆಲಸ ತಪ್ಪಿಸಲು ನೆವವಾಗಿ ಬಳಸುವುದು ನಾಚಿಕೆಯ ಸಂಗತಿ. ಶರೀರ ತಡೆಯದಿದ್ದರೆ ರಜೆಗೆ ಬರೆದುಕೊಡಬೇಕು, ಇಲ್ಲವೇ ಏಕಾಶನಕ್ಕೆ ಇಳಿಯಬೇಕು. ಒಡೆಯರ ಕಾಗದ, ಒಡೆಯರ ಜೀಪು ಮುಂತಾದ ಸಾಧನಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅದು ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಬಳಸುತ್ತಾರೆ.

ಇನ್ನು ಕಸುಬಿನ ವಿದ್ಯೆಯ ಮಾತು. ಗೃಹಸ್ಥನ ಷಟ್ಕರ್ಮಗಳಲ್ಲಿ ಸ್ವಾಧ್ಯಾಯವಿದೆ. ಅದು ಶಾಸ್ತ್ರಾಧ್ಯಯನವೇ ಹೊರತು ಕಸುಬಿನ ಪುಸ್ತಕವಲ್ಲ. ಎರಡನ್ನೂ ಬೆರೆಸುವುದು ಸರಿಯಲ್ಲ. ಆದರೆ ಕಸುಬಿನ ಅಜ್ಞಾನದಿಂದ ಆಗುವ ಹಿಂಸೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ರೈಟರ ತೋಟದಲ್ಲಿ, ಹಣ್ಣಿನ ಸಿಪ್ಪೆ ಕಳಚಿ ತೊಳೆದ ಲೋಳೆನೀರು ಪಲ್ಪರ್ ಮನೆಯಿಂದ ನೇರವಾಗಿ ತೋಡಿಗೆ ಹರಿಯುತ್ತದೆ. ಆ ನೀರಿನ ಸಕ್ಕರೆ ಹುಳಿತು, ತೋಡಿನ ನೀರಿನಲ್ಲಿರುವ ಪ್ರಾಣವಾಯುವನ್ನು ಹೀರಿಬಿಡುತ್ತದೆ. ಮೀನುಗಳೂ ಸಣ್ಣ ಜಲಚರಗಳೂ ಸಾಯುತ್ತವೆ. ಅದು ತೊರೆಗಳು ಬತ್ತುತ್ತ ಬರುವ ಕಾಲವಾದ್ದರಿಂದ ಹಾನಿ ಇನ್ನೂ ಹೆಚ್ಚು. ಹೊಂಡಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿಯನ್ನು ಕಳೆದು, ಹದಗೊಳಿಸಿದ ಮೇಲೆಯೇ ಬಿಡಬೇಕೆಂಬ ವಿದ್ಯೆ ಈಗ ಉಂಟು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ, ಕೊಡಗಿನ ಚೆಟ್ಟಳ್ಳಿಯಲ್ಲಿ 1946ರಲ್ಲಿ ಬಂದ ಅದರ ಉಪಕೇಂದ್ರ ಇಂತಹ ತಿಳಿವಳಿಕೆಗಾಗಿಯೇ ಇವೆ. ಚೆಟ್ಟಳ್ಳಿಗೆ ಒಂದು ದಿನ ಹೋಗಿ ಕೇಳಿ ಬರಲು ಬಿಡುವಿಲ್ಲವೆನ್ನುವವನು ಸೋಸಿದ ಒಂದು ಲೋಟ ನೀರಿನಲ್ಲಿ ಉಳಿಸಿದ ಜೀವಗಳೆಷ್ಟು, ತೋಡಿನಲ್ಲಿ ಕೊಂದವೆಷ್ಟು? ಉದ್ಯೋಗೀ ಹಿಂಸೆಯು ಗೃಹಸ್ಥನಿಗೆ ಪೂರ್ತಿ ತಪ್ಪದು. ಕಲಿತರೆ ಕಡಮೆಯಾಗುವಷ್ಟನ್ನು ಕಲಿಯದೆ ಉಳಿಸಿಕೊಂಡದ್ದು ಮಾತ್ರ ತಪ್ಪದ ಹಿಂಸೆಯಲ್ಲ.

ಕಲಿತವನಿಗೆ ಮೇಲಿನ ಹುದ್ದೆ ಬರುವುದುಂಟು. ಅದನ್ನು ಬಯಸಿ ರಾತ್ರಿ ಕುಳಿತು ಲೆಕ್ಕಶಾಸ್ತ್ರದ ಪರೀಕ್ಷೆಗೆ ಓದುವುದು ಪರಿಗ್ರಹವೇ? ವಿದ್ಯೆಯು ಕ್ಷೇತ್ರ ವಾಸ್ತು ಧನ ಧಾನ್ಯಾದಿ ಪರಿಗ್ರಹಗಳ ಪಟ್ಟಿಯಲ್ಲಿಲ್ಲ. ಆದರೆ ಅದರಿಂದ ಬರುವ ಸಂಬಳವು ಆ ಪಟ್ಟಿಯಲ್ಲಿದೆ. ಓದುವ ಮುನ್ನ ಪರಿಮಾಣವನ್ನು ಗೊತ್ತುಮಾಡಿಕೊಂಡವನಿಗೆ ತೊಡಕಿಲ್ಲ. ಹುದ್ದೆ ಬಂದ ಮೇಲೆ ಎಲ್ಲೆಯನ್ನು ಸರಿಸುವವನಿಗೆ ಎಲ್ಲೆಯೆಂಬುದೇ ಇಲ್ಲ. ಸಾಮಾಯಿಕದ ಎರಡು ಘಳಿಗೆಯನ್ನು ಪರೀಕ್ಷೆಯ ಪುಸ್ತಕಕ್ಕೆ ಸಾಲವಾಗಿ ಕೊಡುವ ಪದ್ಧತಿಯೂ ಮನೆಗಳಲ್ಲಿ ಕಾಣುತ್ತಿದೆ. ಆ ಸಾಲವನ್ನು ಹಿಂತಿರುಗಿಸಿದವರು ಅಪರೂಪ.

ಫಾಲ್ಗುಣದ ಅಷ್ಟಾಹ್ನಿಕವು ಬರುವ ದಿನಗಳಲ್ಲಿ ತೋಟದವರು ಹೂಮಳೆಗೆ ಆಕಾಶವನ್ನು ನೋಡುತ್ತಿರುತ್ತಾರೆ. ಮಾರ್ಚ್ 31ರ ವರ್ಷಾಂತ್ಯದ ಲೆಕ್ಕವೂ ಹತ್ತಿರದಲ್ಲಿರುತ್ತದೆ. ಎಂಟೂ ದಿನ ರಜೆ ಕೇಳುವುದು ಆಗದ ಮಾತು. ಪಂಚಾಂಗವನ್ನು ಪುಷ್ಯದಲ್ಲಿಯೇ ತೆರೆದು, ಅಷ್ಟಮಿಗೂ ಚತುರ್ದಶಿಗೂ ಎರಡು ದಿನ ರಜೆಯನ್ನು ಮುಂಗಡವಾಗಿ ಬರೆದುಕೊಟ್ಟು, ಆ ಎರಡು ದಿನಗಳ ಚೆಕ್‌ರೋಲನ್ನು ಮೇಸ್ತ್ರಿಗೆ ತೋರಿಸಿಕೊಟ್ಟು, ಉಳಿದ ಆರು ದಿನ ಏಕಾಶನದಲ್ಲಿ ಎಂದಿನಂತೆ ದುಡಿಯುವುದು ಸಾಧ್ಯ. ಕೊಯ್ಲಿನ ಸಂಜೆಗಳಲ್ಲಿಯೂ ಅಷ್ಟೆ: ನಾಲ್ಕಕ್ಕೆ ಬುತ್ತಿಯೂಟ ಮುಗಿದಿರುತ್ತದೆ, ತೋಟದ ತುದಿಯ ತಾಕಿನಿಂದ ಕಡೆಯ ಹೆಂಗಸು ಚೀಲ ಹೊತ್ತು ಬರುವಾಗ ಹೊತ್ತು ಮುಳುಗಿರುತ್ತದೆ, ರೈಟರು ಲಾಂದ್ರವನ್ನು ತಕ್ಕಡಿಯ ಹತ್ತಿರಕ್ಕೆ ಸರಿಸಿ ಮುಳ್ಳು ನಿಲ್ಲುವುದನ್ನು ಕಾಯುತ್ತಾರೆ.