ಗೋಡೆಯನ್ನು ಬಿಟ್ಟ ಸುಣ್ಣ

ಗೃಹಸ್ಥನಾದವನು ತನ್ನ ಮನೆಯನ್ನು ಅಂದವಾಗಿ ಇರಿಸಿಕೊಳ್ಳುವುದು ಧರ್ಮಕ್ಕೆ ವಿರುದ್ಧವಾದುದಲ್ಲ. ಜಂಗಮರು ಪಾದವಿಡುವ ಮನೆಯು ಚೊಕ್ಕಟವಾಗಿರತಕ್ಕುದೇ ಸರಿ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕಲ್ಲುಮಣ್ಣಿನಿಂದ ಕೆರೆಯನ್ನು ಕಟ್ಟಿಸಿದ ಪುಣ್ಯಪುರುಷರು. ಅವರನ್ನು ಕಾಣಲು ಬಂದ ಅಲ್ಲಮಪ್ರಭುದೇವರು ಅಂತರಂಗದ ಕಡೆಗೆ ಬೆರಳು ತೋರಿದುದು, ಕಟ್ಟುವ ಕಾಯಕವನ್ನು ಹಳಿಯುವುದಕ್ಕಲ್ಲ. ಹೊರಗನ್ನು ಕಟ್ಟುವವನು ಒಳಗನ್ನು ಮರೆಯಬಾರದೆಂದು ಎಚ್ಚರಿಸುವುದಕ್ಕೆ. ಇಟ್ಟಿಗೆಯ ಗೋಡೆಗೆ ಕಲ್ಲಿನ ತೆಳುಹಲಗೆಗಳನ್ನು ಹೊದಿಸುವ ಕೆಲಸದಲ್ಲಿಯೂ ಇದೇ ತತ್ತ್ವವು ಅಡಗಿದೆ.

ಒಬ್ಬ ಸದ್ಗೃಹಸ್ಥನು ಮಗಳ ವಿವಾಹಕ್ಕೆ ಮುಂಚೆ ಮನೆಯ ಮುಂದಣ ಗೋಡೆಗೆ ಶಹಾಬಾದಿನ ಕಲ್ಲು ಹಚ್ಚಿಸಲು ಬಯಸಿದನು. ಆ ಗೋಡೆಯ ಮೇಲೆ ವರುಷವರುಷವೂ ಬಳಿದ ಸುಣ್ಣವು ಪದರುಪದರಾಗಿ ನಿಂತಿತ್ತು. ಬುಡದಲ್ಲಿ ತೇವವೂ ಇತ್ತು. ಕೆಲಸಕ್ಕೆ ಬಂದ ಗೌಂಡಿಯು, “ಸುಣ್ಣವನ್ನೆಲ್ಲ ಕೆರೆದು, ಗೋಡೆಗೆ ಉಳಿಯಿಂದ ಕಚ್ಚು ಹೊಡೆದು, ತೇವದ ಮೂಲವನ್ನು ಸರಿಪಡಿಸಿದ ಮೇಲೆ ಕಲ್ಲು ಹಚ್ಚಬೇಕು. ಅದಕ್ಕೆ ಇನ್ನೂ ಎಂಟು ದಿನ ಹಿಡಿಯುತ್ತದೆ” ಎಂದನು. ಗೃಹಸ್ಥನು, “ಕಲ್ಲಿನ ಹಿಂದಿರುವುದನ್ನು ಯಾರು ನೋಡುವರು? ಹಚ್ಚು” ಎಂದನು. ಕೂಲಿ ತಪ್ಪೀತೆಂಬ ಭಯದಿಂದ ಗೌಂಡಿಯು ಹಚ್ಚಿದನು. ವಿವಾಹವು ನೆರವೇರಿತು, ಬಂದವರೆಲ್ಲರೂ ಗೋಡೆಯನ್ನು ಹೊಗಳಿದರು.

ಮಳೆಗಾಲದ ಒಂದು ಸಂಜೆ ಮೂರು ಹಲಗೆಗಳು ಕಳಚಿ ಜಗಲಿಯ ಮೇಲೆ ಬಿದ್ದವು. ಹಿರಿಯ ಮಗನ ಕೂಸು ಕ್ಷಣಕಾಲದ ಹಿಂದೆ ಅಲ್ಲಿಯೇ ಆಡುತ್ತಿದ್ದಿತು. ನಡುಗುತ್ತ ಗೃಹಸ್ಥನು ಗೌಂಡಿಯನ್ನು ಕರೆಸಿ ಬೈದನು. ಗೌಂಡಿಯು ಬಿದ್ದ ಹಲಗೆಯೊಂದನ್ನು ಮಗುಚಿ ತೋರಿಸಿ ಹೇಳಿದನು: “ನೋಡಿರಿ, ಕಲ್ಲು ಗಾರೆಯನ್ನು ಬಿಟ್ಟಿಲ್ಲ, ಗಾರೆ ಸುಣ್ಣವನ್ನು ಬಿಟ್ಟಿಲ್ಲ, ಸುಣ್ಣವೇ ಗೋಡೆಯನ್ನು ಬಿಟ್ಟಿದೆ. ನಾವು ಕಲ್ಲನ್ನು ಸುಣ್ಣಕ್ಕೆ ಹಚ್ಚಿದೆವು, ಗೋಡೆಗೆ ಹಚ್ಚಲಿಲ್ಲ. ತಿಳಿದೂ ಹಚ್ಚಿದ ತಪ್ಪು ನನ್ನದು.” ಗೃಹಸ್ಥನು ತಲೆತಗ್ಗಿಸಿದನು.

ಭಕ್ತರು ಈ ಮಾತನ್ನು ನಿಧಾನಿಸಿ ವಿಚಾರಿಸಬೇಕು. ವಿಭೂತಿ ರುದ್ರಾಕ್ಷಿಗಳು ಬರಿಯ ಅಲಂಕಾರವಲ್ಲ. ಕರಸ್ಥಲದ ಇಷ್ಟಲಿಂಗವು ಪ್ರಾಣಕ್ಕೆ ಪ್ರಾಣವಾದುದು. ಆದರೆ ಅವನ್ನು ಧರಿಸಿದವನ ಮನಸ್ಸಿನ ಮೇಲೆ ಲೋಕದ ಮೆಚ್ಚುಗೆ, ಕುಲದ ಅಭಿಮಾನ, ಫಲದ ಅಪೇಕ್ಷೆ ಎಂಬ ಸುಣ್ಣದ ಪದರುಗಳು ನಿಂತಿದ್ದರೆ, ಭಕ್ತಿಯು ಅವಕ್ಕೆ ಅಂಟುವುದಲ್ಲದೆ ಆತ್ಮಕ್ಕೆ ಅಂಟುವುದಿಲ್ಲ. ಹೆಸರಿಗಾಗಿ ದಾಸೋಹ ಮಾಡಿದವನು, ಪತ್ರಿಕೆಯಲ್ಲಿ ಮತ್ತೊಬ್ಬನ ಹೆಸರು ಮೇಲೆ ಬಂದೊಡನೆ ದಾಸೋಹವನ್ನು ನಿಲ್ಲಿಸುವನು. ಬೆಳೆಗಾಗಿ ಪೂಜಿಸಿದವನು, ಮಳೆ ತಪ್ಪಿದ ವರುಷ ಪೂಜೆಯನ್ನೂ ತಪ್ಪಿಸುವನು. ಅಲ್ಲಿ ಲಿಂಗವು ಭಕ್ತನನ್ನು ಬಿಡಲಿಲ್ಲ; ನಡುವೆ ಇದ್ದ ಸುಣ್ಣವು ಕಳಚಿತು. ಆದುದರಿಂದಲೇ ಶ್ರೀಗುರುವು ವೇಧಾ, ಮಂತ್ರ, ಕ್ರಿಯಾ ಎಂಬ ದೀಕ್ಷಾತ್ರಯದಿಂದ ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯವನ್ನು ಕಳೆದು ಇಷ್ಟಲಿಂಗವನ್ನು ಅನುಗ್ರಹಿಸುವ ಕ್ರಮವಿದೆ. ಕೆರೆಯುವುದು ಮೊದಲು, ಹಚ್ಚುವುದು ಆಮೇಲೆ.

ಆ ಗೃಹಸ್ಥನು ಉಳಿದ ಕಲ್ಲುಗಳನ್ನೂ ತೆಗೆಸಿದನು. ಗೌಂಡಿಯು ಇಟ್ಟಿಗೆ ಕಾಣುವವರೆಗೆ ಗೋಡೆಯನ್ನು ಕೆರೆದು ಕಚ್ಚು ಹೊಡೆದನು. ಮಾಳಿಗೆಯ ನೀರು ಬುಡಕ್ಕೆ ಸುರಿಯುತ್ತಿದ್ದ ಹರಣಿಯನ್ನು ದೂರಕ್ಕೆ ತಿರುಗಿಸಿ, ಬುಡವು ಆರುವವರೆಗೆ ಕಾದನು. ಬಳಿಕ ಗೋಡೆಯನ್ನು ನೀರಿನಿಂದ ಹದವಾಗಿ ನೆನೆಸಿ, ಕಲ್ಲಿನ ಬೆನ್ನಿನ ಧೂಳನ್ನು ಒರೆಸಿದನು. ಸಿಮೆಂಟು ಒಂದು ಪಾಲು, ಮರಳು ಮೂರು ಪಾಲು ಸೇರಿಸಿದ ಗಾರೆಯನ್ನು ನಾಲ್ಕು ಮೂಲೆಗೆ ಮಾತ್ರವಲ್ಲದೆ ಬೆನ್ನಿನ ತುಂಬ ಬಳಿದು, ದಾರ ಹಿಡಿದು ಕೆಳಗಿನ ಸಾಲಿನಿಂದ ಮೇಲಕ್ಕೆ ಹಚ್ಚುತ್ತ ಹೋದನು. ಗಾರೆ ಬಿಗಿದ ಮೇಲೆ ಕರಣಿಯ ಹಿಡಿಯಿಂದ ಒಂದೊಂದು ಕಲ್ಲನ್ನೂ ತಟ್ಟಿ ನೋಡಿ, ಟೊಳ್ಳುದನಿ ಬಂದುದನ್ನು ತೆಗೆದು ಮತ್ತೆ ಹಚ್ಚಿದನು. ಸಂಸಾರದ ಕಷ್ಟಗಳೂ ಭಕ್ತನನ್ನು ತಟ್ಟಿ ನೋಡುವ ಕರಣಿಯ ಹಿಡಿಗಳೇ ಆಗಿವೆ.

ಏಳು ದಿನ ಗೋಡೆಗೆ ನೀರು ಹೊಡೆಯಬೇಕೆಂದಾಗ ಗೃಹಸ್ಥನು, “ಒಣಗಿದರೆ ಬೇಗ ಗಟ್ಟಿಯಾಗದೇ?” ಎಂದು ಕೇಳಿದನು. ಗೌಂಡಿಯು, “ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರಿನೊಡನೆ ಕೂಡಿ ಗಟ್ಟಿಯಾಗುವುದು. ಬೇಗ ಒಣಗಿದರೆ ಪುಡಿಯಾಗುತ್ತದೆ” ಎಂದನು. ಭಕ್ತಿಯ ನಿಷ್ಠೆಯೂ ಹಾಗೆಯೇ. ದಯಾರ್ದ್ರವಾದ ಹೃದಯದಲ್ಲಿ ಅದು ದಿನದಿನಕ್ಕೂ ಬಲಿಯುವುದು. ಶುಷ್ಕವಾದ ಹೃದಯದಲ್ಲಿ ನೇಮವಷ್ಟೇ ಉಳಿದು ಪುಡಿಯಾಗುವುದು. ಏಳು ದಿನವೂ ಗೃಹಸ್ಥನು ತಾನೇ ನೀರು ಹೊತ್ತು ಗೋಡೆಯನ್ನು ನೆನೆಸಿದನು. ಎರಡನೆಯ ಕೆಲಸಕ್ಕೆ ಕೂಲಿ ಬೇಡವೆಂದ ಗೌಂಡಿಗೆ, “ಆತುರಪಡಿಸಿದವನು ನಾನು” ಎಂದು ಪೂರ್ಣ ಕೂಲಿಯನ್ನು ಕೈಯಲ್ಲಿಟ್ಟನು. ಅವನ ಮನಸ್ಸಿನ ಸುಣ್ಣವು ಕಳಚಿದುದಕ್ಕೆ ಆ ಕೂಲಿಯೇ ಸಾಕ್ಷಿ.

ಕಲ್ಲಿನ ಹಿಂದಿರುವುದನ್ನು ಯಾರು ನೋಡುವರೆಂದು ಅವನು ಕೇಳಿದ್ದನು. ಮಳೆ ನೋಡುವುದು, ಕಾಲ ನೋಡುವುದು. ಎಲ್ಲಕ್ಕೂ ಮೊದಲು ಅಂಗೈಯಲ್ಲಿರುವ ಲಿಂಗಯ್ಯನು ನೋಡುವನು. ಇದನ್ನರಿತು ನಡೆಯುವ ಭಕ್ತರ ಮನೆಮನಗಳೆರಡೂ ಸ್ಥಿರವಾಗಲಿ. ಸರ್ವರಿಗೂ ಸನ್ಮಂಗಳವಾಗಲಿ.