ನಾಲ್ಕನೆಯವನು

ಗುಡ್ಡಗಾಡು ಓಟದಲ್ಲಿ ಅಂಕ ಹೆಚ್ಚಿದಷ್ಟೂ ನಷ್ಟ. ಮೊದಲು ಗುರಿ ಮುಟ್ಟಿದವನಿಗೆ ಒಂದು, ಎರಡನೆಯವನಿಗೆ ಎರಡು, ಎಪ್ಪತ್ತೊಂದನೆಯವನಿಗೆ ಎಪ್ಪತ್ತೊಂದು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ದೇಶದಿಂದ ಆರು ಮಂದಿ ಓಡುತ್ತಾರೆ. ಅವರಲ್ಲಿ ಮುಂದಾಗಿ ಬಂದ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ. ಯಾರ ಮೊತ್ತ ಕಡಿಮೆಯೋ ಆ ತಂಡ ಗೆದ್ದಿತು. ಕೆಳಗಿನ ಹಂತಗಳಲ್ಲಿ ತಲೆಗಳ ಸಂಖ್ಯೆ ಅಷ್ಟಿಷ್ಟು ಬದಲಾದೀತು, ಲೆಕ್ಕದ ರೀತಿ ಇದೇ. ಒಂದು ಕಾಲೇಜಿನ ಹುಡುಗರು 1, 12, 20, 71ನೇ ಸ್ಥಾನದಲ್ಲಿ ಬಂದರು ಎನ್ನಿ, ಮೊತ್ತ 104. ಇನ್ನೊಂದು ಕಾಲೇಜಿನವರು 18, 21, 25, 30. ಅವರಲ್ಲಿ ಒಬ್ಬನ ಹೆಸರೂ ಪತ್ರಿಕೆಯಲ್ಲಿ ಬರಲಿಕ್ಕಿಲ್ಲ, ಆದರೆ ಮೊತ್ತ 94. ಚಿನ್ನದ ಪದಕ ಅಲ್ಲಿಗೆ, ಕಪ್ ಇಲ್ಲಿಗೆ.

ಜೂನ್ ಬಂತೆಂದರೆ ಮುಂಬೈಯ ಸಣ್ಣ ಕಾಲೇಜುಗಳ ಜಿಮ್ಖಾನಾದಲ್ಲಿ ಈ ಕೂಡಿಸುವ ಕೆಲಸ ಶುರುವಾಗುತ್ತದೆ. ಜಿಮ್ಖಾನಾ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಎರಡು ಕೇರಂ ಬೋರ್ಡು, ಒಂದು ಟೇಬಲ್ ಟೆನಿಸ್ ಮೇಜು, ಬಾಗಿಲು ಸರಿಯಾಗಿ ಕೂರದ ಒಂದು ಕಪಾಟು, ಅದರ ಮೇಲೆ ಹಳೆಯ ಟ್ರೋಫಿಗಳು. ನನಗೆ ಪರಿಚಯದ ಪಿ.ಟಿ. ಸರ್ ಒಬ್ಬರಿದ್ದಾರೆ. ಊರು ಕುಂದಾಪುರದ ಕಡೆ, ಕೆಲಸ ಪೂರ್ವ ಉಪನಗರದ ಒಂದು ಕಾಲೇಜಿನಲ್ಲಿ. ಅವರ ಲಾಂಗ್‌ಬುಕ್ಕನ್ನು ಒಮ್ಮೆ ತೆರೆದು ನೋಡಿದ್ದೇನೆ. ಹೆಸರು, ರೋಲ್ ನಂಬರ್, ಓಡಿದ ಸಮಯ. ಇವು ಎಲ್ಲರ ಪುಸ್ತಕದಲ್ಲೂ ಇರುವಂಥವೇ. ಇವರಲ್ಲಿ ಇನ್ನೆರಡು ಕಾಲಂ ಇದೆ: ‘ಸ್ಟೇಷನ್’ ಮತ್ತು ‘ಮನೆ’. ಹುಡುಗ ಎಲ್ಲಿಂದ ಲೋಕಲ್ ಹತ್ತುತ್ತಾನೆ ಎಂಬುದು ಮೊದಲನೆಯದು. ಬದಲಾಪುರದವನು ಬೆಳಗ್ಗೆ ಐದೂವರೆಗೆ ಘಾಟ್ಕೋಪರಿನಲ್ಲಿ ನಿಲ್ಲಬೇಕಾದರೆ ಎಷ್ಟು ಗಂಟೆಗೆ ಏಳಬೇಕು ಎಂಬುದನ್ನು ಅವನ ಕಾಲಿನ ವೇಗಕ್ಕಿಂತ ಮೊದಲು ನೋಡಬೇಕಂತೆ. ಎರಡನೆಯದರಲ್ಲಿ ‘ಸರಿ’, ‘ಕೇಳಿ ಹೇಳ್ತಾನೆ’, ‘ಅಪ್ಪ ಬೇಡ ಅಂದ್ರು’, ‘ಅಂಗಡಿ’ ಎಂದೆಲ್ಲ ಬರೆದಿತ್ತು. ಅಂಗಡಿ ಎಂದರೆ ಬೆಳಗ್ಗೆ ಹಾಲಿನ ಪ್ಯಾಕೆಟ್ ಹಂಚಿ ಬರುವವನು.

ಮೊದಲ ಮೂವರ ಹೆಸರಿನ ಬಗ್ಗೆ ಸರ್‌ಗೆ ಚಿಂತೆಯಿಲ್ಲ. ಯಾವ ಕಾಲೇಜಿನಲ್ಲೂ ಓಟದ ಹುಚ್ಚಿನ ಇಬ್ಬರು ಮೂವರು ಇದ್ದೇ ಇರುತ್ತಾರೆ. ಅವರನ್ನು ಹುಡುಕಬೇಕಾಗಿಲ್ಲ, ಅವರೇ ಬಾಗಿಲು ತಟ್ಟುತ್ತಾರೆ. ಹುಡುಕಬೇಕಾದದ್ದು ನಾಲ್ಕನೆಯವನನ್ನು. ಫುಟ್‌ಬಾಲ್ ತಂಡದಲ್ಲಿ ಜಾಗ ಸಿಗದವನು, ಎನ್‌ಸಿಸಿಯಲ್ಲಿ ಬೈಸಿಕೊಂಡು ಬಿಟ್ಟವನು, ಕ್ರೀಡೆಗೆ ಸಿಗುವ ಹತ್ತು ಗ್ರೇಸ್ ಅಂಕದ ಆಸೆಗೆ ಬಂದವನು. ಇವರೆಲ್ಲರಿಗಿಂತ ಹೆಚ್ಚಾಗಿ ಪೊಲೀಸ್ ಭರ್ತಿಗೆ, ಅಂದರೆ ನೇಮಕಾತಿಗೆ, ತಯಾರಿ ನಡೆಸುವವನು. ಮಹಾರಾಷ್ಟ್ರದ ಪೊಲೀಸ್ ಶಿಪಾಯಿ ಭರ್ತಿಯಲ್ಲಿ ಗಂಡಸರಿಗೆ 1600 ಮೀಟರ್, ಹೆಂಗಸರಿಗೆ 800 ಮೀಟರ್ ಓಟ. ನಸುಕಿನಲ್ಲಿ ಮುಂಬೈಯ ಯಾವ ಮೈದಾನಕ್ಕೆ ಹೋದರೂ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದ ಇಂಥ ಹುಡುಗರ ಗುಂಪು ಕಾಣುತ್ತದೆ. 1600 ಮೀಟರಿನವರೆಗೆ ಇವರನ್ನು ಹಿಡಿಯುವವರಿಲ್ಲ. ಎರಡನೇ ಕಿಲೋಮೀಟರಿನ ಕೊನೆಗೆ ಏದುಸಿರು ಬಿಡುತ್ತಾರೆ. ದೇಹಕ್ಕೆ ಅಷ್ಟೇ ಪಾಠವಾಗಿರುತ್ತದೆ. ಆ ಹುಡುಗನಿಗೆ ಹತ್ತು ಕಿಲೋಮೀಟರಿನ ನಿಧಾನ ಕಲಿಸುವುದು ಎರಡು ತಿಂಗಳ ಕೆಲಸ. ಅಷ್ಟರಲ್ಲಿ ಭರ್ತಿಯ ತಾರೀಖು ಬಂತೆಂದರೆ ಅವನು ಅತ್ತ ಹೋದ, ಲೆಕ್ಕ ಮತ್ತೆ ಮೊದಲಿಂದ.

ಹತ್ತು ಅಂಕಕ್ಕಾಗಿ ಬರುವವರನ್ನು ಕೀಳಾಗಿ ಕಾಣುವ ಅಭ್ಯಾಸ ನಮ್ಮಲ್ಲಿದೆ. ನನಗೆ ಅದು ಸರಿಕಾಣುವುದಿಲ್ಲ. ಮಳೆಯಲ್ಲಿ ಕೆಸರು ತುಳಿದು ಹತ್ತು ಕಿಲೋಮೀಟರ್ ಓಡಿ ಹತ್ತು ಅಂಕ ಪಡೆಯುವವನು, ಗೈಡ್ ಬಾಯಿಪಾಠ ಮಾಡಿ ಅಷ್ಟೇ ಅಂಕ ಪಡೆಯುವವನಿಗಿಂತ ಯಾವ ಲೆಕ್ಕದಲ್ಲಿ ಕಡಿಮೆ?

ಓಡುವುದಾದರೂ ಎಲ್ಲಿ? ಈ ಊರಿನಲ್ಲಿ ತಲೆಗೊಂದು ಚದರ ಮೀಟರಿಗಿಂತ ತುಸು ಹೆಚ್ಚು ಬಯಲು ಇದೆ ಎನ್ನುತ್ತಾರೆ. ಅದರಲ್ಲೂ ದೊಡ್ಡ ಪಾಲು ಕ್ರಿಕೆಟಿಗೆ. ಮರೈನ್ ಲೈನ್ಸಿನ ವಿಶ್ವವಿದ್ಯಾಲಯದ ಪೆವಿಲಿಯನ್, ನೇಪಿಯನ್ ಸೀ ರಸ್ತೆಯ ಪ್ರಿಯದರ್ಶಿನಿ ಪಾರ್ಕ್, ಇಲ್ಲೆಲ್ಲ ಸಿಂಥೆಟಿಕ್ ಟ್ರ್ಯಾಕ್ ಇದೆ. ಆದರೆ ಟ್ರ್ಯಾಕಿನಲ್ಲಿ ಪಳಗಿದ ಕಾಲು ಗುಡ್ಡಗಾಡಿಗೆ ಬಂದರೆ ಮೊದಲ ಏರಿನಲ್ಲೇ ಸೋಲುತ್ತದೆ. ಹಾಗಾಗಿ ಉಪನಗರದ ಕಾಲೇಜುಗಳಿಗೆ ಉಳಿಯುವುದು ಆರೆ ಕಾಲೊನಿಯ ಒಳದಾರಿಗಳು, ಇಳಿತದ ಹೊತ್ತಿನ ಜುಹು ಮರಳು, ಬೊರಿವಿಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಉದ್ಯಾನದ ಹೆಬ್ಬಾಗಿಲಿನಿಂದ ಕಾನ್ಹೇರಿ ಗುಹೆಗಳ ತನಕ ಆರೇಳು ಕಿಲೋಮೀಟರಿನ ದಾರಿ; ಕೊನೆಯ ಏರು ನಿಜವಾದ ಪರೀಕ್ಷೆ. ಬೌದ್ಧ ಭಿಕ್ಷುಗಳು ಮಳೆಗಾಲ ಕಳೆಯಲೆಂದು ಕೊರೆದುಕೊಂಡ ಗುಹೆಗಳ ಕೆಳಗೆ, ಎರಡು ಸಾವಿರ ವರ್ಷಗಳಾದ ಮೇಲೆ, ಬಿ.ಕಾಂ. ಹುಡುಗರು ಮಳೆಗಾಲದಲ್ಲೇ ಏದುಸಿರು ಬಿಡುತ್ತಾರೆ. ಚಿರತೆಯ ಭಯ ಇಲ್ಲವೇ ಎಂದು ಕೇಳಿದರೆ ಸರ್ ನಗುತ್ತಾರೆ. ಅವರಿಗೆ ಭಯ ಲೆಪ್ಟೊಸ್ಪೈರೋಸಿಸ್‌ನದು. ಕಾಲಿನಲ್ಲಿ ತರಚು ಗಾಯವಿದ್ದು ನಿಂತ ನೀರು ತುಳಿದರೆ ಜ್ವರ. ಪ್ರತಿ ಮಳೆಗಾಲದಲ್ಲೂ ಮಹಾನಗರಪಾಲಿಕೆ ಎಚ್ಚರಿಸುವ ಇಲಿಜ್ವರ. ಓಟ ಮುಗಿದ ಕೂಡಲೇ ಸೋಪು ಹಚ್ಚಿ ಮೊಣಕಾಲಿನವರೆಗೆ ತೊಳೆಯಬೇಕು, ಗಾಯ ತೋರಿಸಬೇಕು ಎಂಬುದು ಅವರ ಕಟ್ಟಳೆ. ಶೂ ಒಣಗುವುದಂತೂ ಬೇರೆಯೇ ಕಥೆ. ಒಂದೇ ಜೊತೆ ಇರುವ ಹುಡುಗರು ಒಳಗೆ ಪತ್ರಿಕೆ ತುರುಕಿ ಫ್ಯಾನಿನ ಕೆಳಗೆ ಇಡುತ್ತಾರೆ. ಸರ್ ಮನೆಯಿಂದ ಹಳೆಯ ‘ಕರ್ನಾಟಕ ಮಲ್ಲ’ದ ಕಟ್ಟು ತಂದು ಕೊಡುವುದುಂಟು. ಕನ್ನಡ ಓದಲು ಬಾರದ ಹುಡುಗರ ಶೂಗಳಲ್ಲಿ ನಮ್ಮ ಸಂಘಗಳ ಸಮಾಚಾರವೆಲ್ಲ ನೀರು ಹೀರುತ್ತ ಕೂತಿರುತ್ತದೆ.

ನಮ್ಮ ಸಂಘಗಳ ಮಾತು ಬಂತು. ಮುಂಬೈಯ ತುಳು–ಕನ್ನಡಿಗರ ಕ್ರೀಡೋತ್ಸವಗಳಲ್ಲಿ ಹಗ್ಗಜಗ್ಗಾಟ ಇದೆ, ಕಬಡ್ಡಿ, ವಾಲಿಬಾಲ್, ತ್ರೋಬಾಲ್ ಇವೆ, ಹಿರಿಯರಿಗೆ ನಡಿಗೆಯೂ ಇದೆ. ದೂರದ ಓಟಕ್ಕೆ ಮಾತ್ರ ಜಾಗವಿಲ್ಲ. ಅರ್ಧ ಗಂಟೆ ಕಣ್ಣಿಗೆ ಬೀಳದೆ ಓಡುವ ಆಟವನ್ನು ಶಾಮಿಯಾನದಲ್ಲಿ ಕೂತು ನೋಡುವುದಾದರೂ ಹೇಗೆ? ಆದರೆ ಈ ಆಟದ ಜೊತೆ ಕನ್ನಡ ನೆಲಕ್ಕೂ ಮುಂಬೈಗೂ ಹಳೆಯ ನಂಟಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ರೈತರು ಬರಿಗಾಲಲ್ಲಿ ದೂರ ಓಡುವುದನ್ನು ಕಂಡು ಬೆರಗಾದವರು ಮುಂಬೈಯ ದೊರಾಬ್ಜಿ ಟಾಟಾ. ಮರುವರ್ಷ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ಕಳುಹಿಸಿದ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನನ್ನು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ 19ನೆಯವರಾದರು. ಪದಕದ ಪಟ್ಟಿಯಲ್ಲಿ 19ಕ್ಕೆ ಬೆಲೆಯಿಲ್ಲ. ಅದಕ್ಕೇ ಇರಬೇಕು, ಅವರ ಹೆಸರು ನಮ್ಮ ಶಾಲೆಯ ಪಾಠಗಳಲ್ಲಿ ಇಲ್ಲ. ಗುಡ್ಡಗಾಡಿನ ಲೆಕ್ಕದ ಪುಸ್ತಕದಲ್ಲಿ ಮಾತ್ರ 19 ಎಂದರೆ ಯಾವ ಸಣ್ಣ ಕಾಲೇಜಾದರೂ ಎರಡೂ ಕೈಯೊಡ್ಡಿ ಪಡೆಯುವ ಸಂಖ್ಯೆ.

ಒಲಿಂಪಿಕ್ಸಿನಲ್ಲಿ ಗುಡ್ಡಗಾಡು ಓಟ ನಡೆದದ್ದು ಮೂರೇ ಸಲ: 1912, 1920, 1924. ಕೊನೆಯದು ಪ್ಯಾರಿಸ್ಸಿನಲ್ಲಿ, ಜುಲೈ 12ರ ಬಿರುಬಿಸಿಲಿನಲ್ಲಿ. ಹೊರಟವರು 38, ಮುಗಿಸಿದವರು 15. ಫಿನ್ಲೆಂಡಿನ ಪಾವೊ ನುರ್ಮಿ ಏನೂ ಆಗಿಲ್ಲವೆಂಬಂತೆ ಮೊದಲು ಬಂದರು, ಅದೇ ದೇಶದ ವಿಲ್ಲೆ ರಿಟೋಲ ಎರಡನೆಯವರು. ಅಂದು ತಂಡಕ್ಕೆ ಮೂವರ ಲೆಕ್ಕ. ಫಿನ್ಲೆಂಡ್ ತಂಡದ ಮೂರನೆಯವರು ಹೈಕ್ಕಿ ಲೀಮಟೈನೆನ್. ಬಿಸಿಲು ತಲೆಗೇರಿ, ಗುರಿ ಇನ್ನೇನು ಕೈಗೆಟುಕುವಷ್ಟು ಹತ್ತಿರವಿದ್ದಾಗ ನಿಂತುಬಿಟ್ಟರು; ತಿರುಗಿ ಬಂದ ದಾರಿಯನ್ನೇ ಹಿಡಿದರು. ಜನ ಕೂಗಿದರು. ಹೇಗೋ ದಿಕ್ಕು ತಿಳಿದು, ನಡೆದೇ ಗೆರೆ ದಾಟಿ 12ನೆಯವರಾದರು. ಅವರು ಅಲ್ಲೇ ಕುಸಿದಿದ್ದರೆ ನುರ್ಮಿಗೆ ತಂಡದ ಚಿನ್ನ ಇಲ್ಲ. ಮುಗಿಸಿದ್ದೇ ಮೂರು ತಂಡ, ಮೂರಕ್ಕೂ ಪದಕ. ನುರ್ಮಿಯ ಪ್ರತಿಮೆ ಹೆಲ್ಸಿಂಕಿಯ ಕ್ರೀಡಾಂಗಣದ ಎದುರಿಗಿದೆ. ಈ ಕಥೆಯನ್ನು ಸರ್ ಪ್ರತಿ ವರ್ಷ ಹುಡುಗರಿಗೆ ಹೇಳುತ್ತಾರೆ. ನುರ್ಮಿಯ ಹೆಸರನ್ನು ಒಮ್ಮೆ, ಲೀಮಟೈನೆನ್ ಹೆಸರನ್ನು ನಾಲ್ಕು ಸಲ, ಪ್ರತಿ ಸಲವೂ ಬೇರೆ ಬೇರೆ ಉಚ್ಚಾರದಲ್ಲಿ.

ಇನ್ನು ಎದುರಾಳಿಗಳು. 1857ರ ಮುಂಬೈ ವಿಶ್ವವಿದ್ಯಾಲಯ ಎಂದರೆ ಮುಂಬೈ ಒಂದೇ ಅಲ್ಲ. ಠಾಣೆ, ಪಾಲ್ಘರ್, ರಾಯಗಢ ದಾಟಿ ರತ್ನಾಗಿರಿ, ಸಿಂಧುದುರ್ಗದವರೆಗೆ ಅದರ ಕಾಲೇಜುಗಳಿವೆ. ಲಿಫ್ಟಿನಲ್ಲಿ ಬೆಳೆದ ನಮ್ಮ ಹುಡುಗರು ಗುಡ್ಡ ಹತ್ತಿಯೇ ಶಾಲೆಗೆ ಹೋದ ಕೊಂಕಣದ ಹುಡುಗರ ಎದುರು ಓಡಬೇಕು. ಇನ್ನು ಹಾಸ್ಟೆಲು, ಊಟ, ತರಬೇತುದಾರ ಎಲ್ಲ ಇರುವ ದೊಡ್ಡ ಕಾಲೇಜುಗಳದು ಬೇರೆಯೇ ಜಗತ್ತು. ಊರಿನ ಕಡೆ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವುದನ್ನು ಕಂಡವರಿಗೆ ಇದು ತಿಳಿದದ್ದೇ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಬಡವರ ಮನೆಯ ಎಷ್ಟೋ ಮಕ್ಕಳಿಗೆ ಓಟವೇ ಫೀಸು. ಸಾತಾರಾ ಜಿಲ್ಲೆಯ ಬರದ ನಾಡಾದ ಮಾಣ್ ತಾಲ್ಲೂಕಿನ ಲಲಿತಾ ಬಾಬರ್ ರೈಲ್ವೆ ಸೇರಿ, ಮುಂಬೈ ಮ್ಯಾರಥಾನಿನ ಭಾರತೀಯ ಮಹಿಳೆಯರಲ್ಲಿ ಸತತ ಮೂರು ಬಾರಿ ಮೊದಲಿಗರಾಗಿ, 2016ರ ರಿಯೊ ಒಲಿಂಪಿಕ್ಸಿನ ಸ್ಟೀಪಲ್‌ಚೇಸ್ ಫೈನಲ್ಲಿನಲ್ಲಿ ಹತ್ತನೆಯವರಾದದ್ದು ಓಟವೇ ಅನ್ನವಾದ ದಾರಿಯಲ್ಲಿ. ಆದರೆ ಅಂಥ ದೊಡ್ಡ ಕಾಲೇಜನ್ನು ಸಣ್ಣ ಕಾಲೇಜು ತನ್ನ ಎದುರಾಳಿ ಎನ್ನುವುದು ಜಂಬವಾದೀತು.

ಸಣ್ಣ ಕಾಲೇಜಿನ ಎದುರಾಳಿ ಎರಡು ಸ್ಟೇಷನ್ ಆಚೆಗಿನ ಇನ್ನೊಂದು ಸಣ್ಣ ಕಾಲೇಜು. ನಮ್ಮ ಸರ್‌ಗೂ ಅಂಥದೊಂದು ಇದೆ. ಎರಡೂ ಕಾಲೇಜಿನವರು ಓಡುವುದು ಮೂವತ್ತರಿಂದ ತೊಂಬತ್ತನೆಯ ಸ್ಥಾನಗಳ ನಡುವೆ. ಅಲ್ಲಿ ಫೋಟೋ ತೆಗೆಯುವವರಿಲ್ಲ, ಮೈಕಿನವರು ಆಗಲೇ ಮಾತು ನಿಲ್ಲಿಸಿರುತ್ತಾರೆ. ಆ ಜಾಗದಲ್ಲಿ ಯಾರು ಯಾರನ್ನು ಹಿಂದೆ ಹಾಕಿದರು ಎಂಬುದು ಜಗತ್ತಿನಲ್ಲಿ ಈ ಎರಡು ಕಾಲೇಜುಗಳಿಗೆ ಮಾತ್ರ ಗೊತ್ತು. ಪೈಪೋಟಿ ಎಂದರೆ ಇಂಥದ್ದು ಎಂದು ನನಗನ್ನಿಸುತ್ತದೆ: ನಿನ್ನ ಸೋಲನ್ನು ಗುರುತಿಸಿ ಲೆಕ್ಕದಲ್ಲಿಡುವ ಇನ್ನೊಬ್ಬ ಇದ್ದಾನೆ, ಅವನಿಲ್ಲದಿದ್ದರೆ ನೀನು ಓಡಿದ್ದೇ ಸುಳ್ಳು. ಆ ಕಾಲೇಜಿನ ಓಟಗಾರರ ಹೆಸರು, ಕಳೆದ ವರ್ಷ ಯಾರ ಹಿಮ್ಮಡಿ ನೋವಾಗಿತ್ತು, ಯಾರು ಎರಡನೇ ಏರಿನಲ್ಲಿ ನಡೆದರು, ಎಲ್ಲ ನಮ್ಮ ಹುಡುಗರಿಗೆ ಬಾಯಿಪಾಠ. ಸ್ವಂತ ಕ್ಲಾಸಿನ ಅರ್ಧ ಜನರ ಹೆಸರು ಗೊತ್ತಿಲ್ಲ.

ಹುಡುಗಿಯರ ತಂಡದ ಮಾತು ಇನ್ನೂ ಕಷ್ಟದ್ದು. 2017ರಿಂದ ವಿಶ್ವಮಟ್ಟದಲ್ಲಿ ಹಿರಿಯರ ಓಟ ಗಂಡು ಹೆಣ್ಣು ಇಬ್ಬರಿಗೂ ಸಮಸಮ, ಹತ್ತು ಕಿಲೋಮೀಟರ್. ಇಲ್ಲಿ ಕಷ್ಟ ದೂರದ್ದಲ್ಲ, ನಸುಕಿನ ಐದು ಗಂಟೆಯ ಕತ್ತಲಿನದು. ಸರ್ ಅವರ ಲಾಂಗ್‌ಬುಕ್ಕಿನಲ್ಲಿ ‘ಮನೆ’ ಕಾಲಂ ಹುಟ್ಟಿದ್ದೇ ಹುಡುಗಿಯರ ಪುಟದಲ್ಲಿ. ಹುಡುಗರ ಪುಟಕ್ಕೆ ಆಮೇಲೆ ಬಂತು.

ಈ ವರ್ಷದ ನಿರೀಕ್ಷೆ ಏನು ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. ಕಳೆದ ಸಲ ಪಕ್ಕದ ಕಾಲೇಜು ನಮ್ಮವರಿಗಿಂತ ಮೂರು ಅಂಕ ಮುಂದಿತ್ತು. “ಮೂರು ಅಂದ್ರೆ ಮೂರು ಬೆನ್ನು ಮಾರಾಯ್ರೆ, ಕೊನೆಯ ಏರಿನಲ್ಲಿ ನಮ್ಮ ನಾಲ್ಕನೆಯವನ ಎದುರಿಗೇ ಇದ್ವು,” ಎಂದರು. ಆ ನಾಲ್ಕನೆಯವನು ಈಗ ಡಿಗ್ರಿ ಮುಗಿಸಿ ಕೊರಿಯರ್ ಕಂಪನಿಯಲ್ಲಿದ್ದಾನೆ. ಹೊಸಬ ಒಬ್ಬ ಸಿಕ್ಕಿದ್ದಾನಂತೆ: ಡಿಗ್ರಿಯ ಮೊದಲ ವರ್ಷ, ಸ್ಟೇಷನ್ ಕಾಲಂನಲ್ಲಿ ಟಿಟ್ವಾಲ, ಮನೆ ಕಾಲಂನಲ್ಲಿ ‘ಕೇಳಿ ಹೇಳ್ತಾನೆ’. ಮೊದಲ ದಿನವೇ ಅವನು ಕೇಳಿದ ಪ್ರಶ್ನೆ: “ಸರ್, ಎಲ್ಲರಿಗಿಂತ ಹಿಂದೆ ಬಂದ್ರೂ ನನ್ನ ನಂಬರು ಕೂಡಿಸ್ತೀರಾ?”

“ನೀವು ಏನಂದಿರಿ?”

“ಅದನ್ನೇ ಕೂಡಿಸೋದು ಅಂದೆ. ನಾಳೆ ಐದೂವರೆಗೆ ಬಾ ಅಂದೆ.”