ಅರಿಯದೆ ಹೊಂದಿದ ಪಾಲು: ಸೂಚ್ಯಂಕ ನಿಧಿ ಮತ್ತು ಶ್ರಾವಕಧರ್ಮ

ಗೃಹಸ್ಥನಿಗೆ ಧನಾರ್ಜನೆ ನಿಷಿದ್ಧವಲ್ಲ. ನಿಷಿದ್ಧವಾಗಿದ್ದರೆ ಆಹಾರದಾನಕ್ಕಾಗಲಿ ಶಾಸ್ತ್ರದಾನಕ್ಕಾಗಲಿ ಆಧಾರವೇ ಇರುತ್ತಿರಲಿಲ್ಲ. ನಮ್ಮ ಪೂರ್ವಾಚಾರ್ಯರು ಶ್ರಾವಕನನ್ನು ಕೇಳಿದ ಪ್ರಶ್ನೆಗಳು ಎರಡು: ಹಣವು ಯಾವ ಮಾರ್ಗದಿಂದ ಬಂತು? ಅದು ಎಲ್ಲಿಗೆ ಬಂದು ನಿಂತಿತು? ಶ್ವೇತಾಂಬರ ಆಗಮವಾದ ಉಪಾಸಕದಶಾಸೂತ್ರದಲ್ಲಿ ಬರುವ ಆನಂದ ಶ್ರಾವಕನ ನಾಲ್ಕು ಕೋಟಿ ಹೊನ್ನು ಭಂಡಾರದಲ್ಲಿತ್ತು, ನಾಲ್ಕು ಕೋಟಿ ಬಡ್ಡಿಯ ವ್ಯವಹಾರದಲ್ಲಿತ್ತು, ನಾಲ್ಕು ಕೋಟಿ ಮನೆಯ ಸಾಮಗ್ರಿಯಲ್ಲಿತ್ತು. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಅವನು ಆ ಸಂಪತ್ತನ್ನು ತೊರೆಯಲಿಲ್ಲ. ಇದಕ್ಕಿಂತ ಹೆಚ್ಚು ಬೇಡವೆಂದು ಮಿತಿಯನ್ನು ಹಾಕಿಕೊಂಡನು. ಹಣವನ್ನು ದುಡಿಸುವುದು ದೋಷವಲ್ಲ, ಮಿತಿಯಿಲ್ಲದಿರುವುದು ದೋಷ ಎಂಬುದು ಆ ಕಥೆಯ ಸಾರ.

ಆದರೆ ಆನಂದನಿಗೆ ತನ್ನ ಹಣ ಯಾರ ಕೈಯಲ್ಲಿದೆಯೆಂಬುದು ತಿಳಿದಿತ್ತು. ನಮಗೆ ತಿಳಿದಿದೆಯೇ? ಈ ಪ್ರಶ್ನೆಯನ್ನು ನನಗೆ ಹಾಕಿದವನು ನನ್ನ ಮಗ.

ಅವನು ದುಬೈಯಲ್ಲಿ ಎಂಟು ವರ್ಷಗಳಿಂದ ಉದ್ಯೋಗದಲ್ಲಿದ್ದಾನೆ. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆಯಿಲ್ಲ. ಪರದೇಶದ ನೌಕರನಿಗೆ ಸಾಮಾನ್ಯವಾಗಿ ಪಿಂಚಣಿಯೂ ಇಲ್ಲ. ಕೆಲಸ ಬಿಡುವಾಗ ಮೊದಲ ಐದು ವರ್ಷಗಳ ಲೆಕ್ಕಕ್ಕೆ ವರ್ಷಕ್ಕೆ 21 ದಿನಗಳ ಮೂಲವೇತನ, ಅನಂತರದ ವರ್ಷಗಳಿಗೆ 30 ದಿನಗಳ ಮೂಲವೇತನ ಗ್ರಾಚ್ಯುಯಿಟಿಯಾಗಿ ದೊರೆಯುತ್ತದೆ. ಮುಪ್ಪಿನ ವ್ಯವಸ್ಥೆಯನ್ನು ತಾನೇ ಮಾಡಿಕೊಳ್ಳಬೇಕು. ಆದ್ದರಿಂದ ಅವನ ಉಳಿತಾಯವು ಲೋಭವಲ್ಲ, ಕರ್ತವ್ಯ. ಆ ಉಳಿತಾಯವನ್ನು ಅವನು ಇಂಡೆಕ್ಸ್ ಫಂಡ್ ಎಂದು ಕರೆಯಲ್ಪಡುವ ಸೂಚ್ಯಂಕ ನಿಧಿಯಲ್ಲಿ ತೊಡಗಿಸಿದ್ದನು.

ಸೂಚ್ಯಂಕ ನಿಧಿಯೆಂದರೆ ಜಾಣತನದ ಆಯ್ಕೆಯನ್ನು ಬಿಟ್ಟುಕೊಟ್ಟ ಹೂಡಿಕೆ. ಸೂಚ್ಯಂಕದ ಪಟ್ಟಿಯಲ್ಲಿರುವ ಕಂಪನಿಗಳೆಲ್ಲದರ ಷೇರುಗಳನ್ನು ಅವುಗಳ ಗಾತ್ರಕ್ಕೆ ತಕ್ಕಂತೆ ಕೊಂಡು ಸುಮ್ಮನಿರುವುದು ಅದರ ಕ್ರಮ. ಅಮೆರಿಕದ ಜಾನ್ ಬೋಗಲ್ ಅವರು 1975ರಲ್ಲಿ ವ್ಯಾನ್‌ಗಾರ್ಡ್ ಸಂಸ್ಥೆಯನ್ನು ಸ್ಥಾಪಿಸಿ, ಮರುವರ್ಷ ಸಾಮಾನ್ಯ ಜನರಿಗಾಗಿ ಇಂತಹ ಮೊದಲ ನಿಧಿಯನ್ನು ಹೊರತಂದರು. 15 ಕೋಟಿ ಡಾಲರ್ ಬರಬಹುದೆಂದು ಎಣಿಸಿದ್ದರು; ಬಂದದ್ದು ಸುಮಾರು 1.13 ಕೋಟಿ. ಪೇಟೆಯವರು ಅದನ್ನು ಬೋಗಲ್ಲರ ಹುಚ್ಚೆಂದು ನಕ್ಕರು. ಇಂದು ನಗುವವರಿಲ್ಲ.

ಇದರ ಬಲವಿರುವುದು ಕಡಿಮೆ ಖರ್ಚಿನಲ್ಲಿ. ಒಂದು ಲಕ್ಷ ರೂಪಾಯಿ ವರ್ಷಕ್ಕೆ ಶೇ. 7ರಂತೆ 30 ವರ್ಷ ಬೆಳೆಯುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನಿರ್ವಹಣೆಯ ವೆಚ್ಚ ಶೇ. 0.20 ಆದರೆ ಕೊನೆಗೆ ಕೈಗೆ ಬರುವುದು ಸುಮಾರು 7.20 ಲಕ್ಷ, ವೆಚ್ಚ ಶೇ. 1.50 ಆದರೆ 4.98 ಲಕ್ಷ. ನಡುವಿನ 2.22 ಲಕ್ಷ ನಿಧಿಯನ್ನು ನಡೆಸುವವರ ಪಾಲು. ವರ್ಷಕ್ಕೊಮ್ಮೆ ನೋಡಿದರೆ ಇದು ಕಾಣಿಸುವುದೇ ಇಲ್ಲ.

ಪರದೇಶದಲ್ಲಿರುವ ಸಣ್ಣ ಹೂಡಿಕೆದಾರನು ಇನ್ನೊಂದನ್ನೂ ನೋಡಬೇಕಾಗುತ್ತದೆ. ಅಮೆರಿಕದ ಪ್ರಜೆಯೂ ಅಲ್ಲದ, ಅಲ್ಲಿ ನೆಲೆಸಿಯೂ ಇರದ ವ್ಯಕ್ತಿ ಅಲ್ಲಿ ನೋಂದಾಯಿತವಾದ ನಿಧಿಯನ್ನು ಹೊಂದಿ ಮೃತನಾದರೆ, 60,000 ಡಾಲರ್ ಮೀರಿದ ಭಾಗಕ್ಕೆ ಶೇ. 40ರವರೆಗೂ ತೆರಿಗೆ ತಗಲಬಹುದು. ದುಬೈಯಲ್ಲಿರುವವನ ಲಾಭಾಂಶದಲ್ಲಿ ಶೇ. 30 ಮೊದಲೇ ಕಡಿತವಾಗುತ್ತದೆ. ಅವೇ ಷೇರುಗಳನ್ನು ಐರ್ಲೆಂಡಿನಲ್ಲಿ ನೋಂದಾಯಿತವಾದ ನಿಧಿಯ ಮೂಲಕ ಹೊಂದಿದರೆ ಮೊದಲನೆಯ ತೆರಿಗೆ ಅವನಿಗಿಲ್ಲ. ಎರಡು ದೇಶಗಳ ಒಪ್ಪಂದದಿಂದ ನಿಧಿಯ ಒಳಗಿನ ಕಡಿತವೂ ಶೇ. 15 ಮಾತ್ರ. ಇದು ಕಾನೂನು ತೆರೆದಿಟ್ಟ ದಾರಿ. ಅಚೌರ್ಯವ್ರತದ ಅತಿಚಾರವಾದ ವಿರುದ್ಧರಾಜ್ಯಾತಿಕ್ರಮ ಇದಲ್ಲ. ಭಾರತಕ್ಕೆ ಮರಳಿ ಇಲ್ಲಿಯ ನಿವಾಸಿಯಾದ ಮೇಲೆ ಆ ಆಸ್ತಿಯನ್ನು ಮರೆಮಾಡಿದರೆ ಮಾತ್ರ ಆ ದೋಷ ಬರುತ್ತದೆ.

ಈ ಹೂಡಿಕೆಯಲ್ಲಿ ಶ್ರಾವಕನು ಮೆಚ್ಚತಕ್ಕ ಗುಣವೂ ಉಂಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಅತಿಲೋಭಗಳ ಜೊತೆಗೆ ಅತಿವಿಸ್ಮಯವನ್ನೂ ಹೇಳಿದ್ದಾರೆ. ಪರರ ಲಾಭವನ್ನು ಕಂಡು ಬೆರಗಾಗಿ ಒಳಗೇ ಕುದಿಯುವುದು ಅದು. ಪೇಟೆಯಲ್ಲಿ ದಿನವೂ ನಾವು ಕಾಣುವ ರೋಗ. ಎಲ್ಲರಿಗೂ ಬಂದ ಸರಾಸರಿಯೇ ನನಗೂ ಸಾಕು ಎನ್ನುವವನಿಗೆ ಈ ರೋಗ ಕಡಿಮೆ.

ಹೀಗಿರುವಾಗ ಒಂದು ದಿನ ಮಗನು ತನ್ನ ನಿಧಿಯ ಪಟ್ಟಿಯನ್ನು ಕಳುಹಿಸಿದನು. ಅದು ಎಂಎಸ್‌ಸಿಐ ವರ್ಲ್ಡ್ ಸೂಚ್ಯಂಕವನ್ನು ಅನುಸರಿಸುವ ನಿಧಿ: 23 ದೇಶಗಳ 1,300ರಷ್ಟು ಕಂಪನಿಗಳು. ಅವುಗಳಲ್ಲಿ ಸಿಗರೇಟಿನ ಫಿಲಿಪ್ ಮಾರಿಸ್, ಮಾಂಸದ ಟೈಸನ್ ಫುಡ್ಸ್, ಶಸ್ತ್ರಾಸ್ತ್ರದ ಲಾಕ್‌ಹೀಡ್ ಮಾರ್ಟಿನ್, ಮದ್ಯದ ಡಿಯಾಜಿಯೊ ಇದ್ದವು. ಈ ಕೊನೆಯದು ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್‌ನ ಒಡೆತನವುಳ್ಳದ್ದು. "ಅಪ್ಪಾಜಿ, ಇದು ನಡೆಯುತ್ತದೆಯೇ?" ಎಂದು ಕೇಳಿದ್ದನು.

ನಾನು ಲೆಕ್ಕಿಗನ ಉತ್ತರವನ್ನು ಬರೆದೆನು: ಇವುಗಳಲ್ಲಿ ಯಾವುದೂ ನೂರಕ್ಕೆ ಒಂದರಷ್ಟೂ ಇಲ್ಲ, ನೀನು ಕೊಟ್ಟ ಹಣ ಹೋದದ್ದು ಷೇರು ಮಾರಿದವನಿಗೆ, ಕಸಾಯಿಖಾನೆಗಲ್ಲ, ಚಿಂತಿಸಬೇಡ.

ಅವನು ಒಂದೇ ಮಾತಿನಲ್ಲಿ ಮರುತ್ತರ ಕೊಟ್ಟನು: "ಅಜ್ಜ ಮೂಲೆಯ ಮಳಿಗೆಯನ್ನು ಸಾರಾಯಿ ಅಂಗಡಿಗೆ ಬಾಡಿಗೆ ಕೊಡಲಿಲ್ಲವಲ್ಲ, ಆ ಬಾಡಿಗೆಯೂ ನಮ್ಮ ಆದಾಯದಲ್ಲಿ ಎಷ್ಟನೆಯ ಪಾಲು?"

ನಿಜ. ನನ್ನ ತಂದೆಯವರು ಆ ಮಳಿಗೆಯನ್ನು ಎರಡು ವರ್ಷ ಖಾಲಿ ಬಿಟ್ಟಿದ್ದರು. ಆಗ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದ ನಾನು ಅದನ್ನು ವ್ಯವಹಾರಜ್ಞಾನವಿಲ್ಲದ ಹಠವೆಂದು ಮನಸ್ಸಿನಲ್ಲಿ ತಿಳಿದಿದ್ದೆನು. ಮೊಮ್ಮಗನಿಗೆ ಅದು ಧರ್ಮವಾಗಿ ಕಂಡಿತ್ತು. ಹೀಗೆ ನನ್ನ ಉತ್ತರವನ್ನು ನಾನೇ ಪರೀಕ್ಷಿಸಬೇಕಾಯಿತು.

ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ದ್ವಾರಗಳಿಂದ ಬರುತ್ತದೆಂಬುದು ನಾವೆಲ್ಲ ಬಾಲ್ಯದಿಂದ ಕೇಳಿದ ಮಾತು. ಹಳೆಯ ಷೇರನ್ನು ಇನ್ನೊಬ್ಬನಿಂದ ಕೊಂಡವನು ತಾನು ಕೊಲ್ಲಲಿಲ್ಲ, ಕೊಲ್ಲಿಸಲೂ ಇಲ್ಲ ಎನ್ನಬಹುದು. ಆದರೆ ಆ ವ್ಯಾಪಾರ ಬೆಳೆದರೆ ಅವನ ಗಂಟು ಬೆಳೆಯುತ್ತದೆ. ಲಾಭಾಂಶವು ಅವನ ಖಾತೆಗೆ ಜಮೆಯಾಗುತ್ತದೆ. ಬೆಳೆಯಲಿ ಎಂದು ಒಳಗೆ ಬಯಸುವುದು ಅನುಮೋದನೆಯಲ್ಲದೆ ಮತ್ತೇನು? ಕೊಂಡವನು ನಿಧಿಯ ವ್ಯವಸ್ಥಾಪಕ, ನಾನಲ್ಲ ಎಂಬ ಸಮಾಧಾನವೂ ನಿಲ್ಲದು. ದೇಶವ್ರತದಲ್ಲಿ ಎಲ್ಲೆಯನ್ನು ತಾನು ದಾಟದೆ ಆಳನ್ನು ಕಳುಹಿಸುವುದನ್ನು ಪ್ರೇಷ್ಯಪ್ರಯೋಗವೆಂಬ ಅತಿಚಾರವಾಗಿ ಎಣಿಸಿದ ಪರಂಪರೆ ನಮ್ಮದು. ಮಧ್ಯವರ್ತಿಯ ನೆಪವನ್ನು ಅದು ಅಂದೇ ತಳ್ಳಿಹಾಕಿದೆ.

ಇಲ್ಲೊಂದು ಆಕ್ಷೇಪವುಂಟು. ಬಸದಿಯ ಟ್ರಸ್ಟಿನ ಠೇವಣಿ ಬ್ಯಾಂಕಿನಲ್ಲಿದೆ. ಬ್ಯಾಂಕು ಯಾರಿಗೆ ಬೇಕಾದರೂ ಸಾಲ ಕೊಡುತ್ತದೆ. ಹಾಗಾದರೆ ಶುದ್ಧವಾದ ಹಣ ಎಲ್ಲಿದೆ? ಆಕ್ಷೇಪವು ಸರಿಯಾದದ್ದೇ. ಸಂಪೂರ್ಣ ಶುದ್ಧಿ ಗೃಹಸ್ಥನಿಗೆ ಸಾಧ್ಯವಿಲ್ಲ. ಆದ್ದರಿಂದಲೇ ಅವನದು ಅಣುವ್ರತ. ಆದರೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವದ ತಾರತಮ್ಯವನ್ನು ಹೇಳುವಾಗ ತೀವ್ರ-ಮಂದ ಭಾವಗಳೊಡನೆ ಜ್ಞಾತ-ಅಜ್ಞಾತ ಭಾವಗಳನ್ನೂ ಪರಿಗಣಿಸುತ್ತದೆ. ಬ್ಯಾಂಕಿನ ಸಾಲಗಾರರ ಪಟ್ಟಿ ಠೇವಣಿದಾರನ ಮುಂದೆ ಬರುವುದಿಲ್ಲ. ಸೂಚ್ಯಂಕ ನಿಧಿಯಾದರೋ ತನ್ನಲ್ಲಿರುವ ಕಂಪನಿಗಳ ಹೆಸರನ್ನು, ಪ್ರಮಾಣವನ್ನು ಪ್ರಕಟಿಸುತ್ತದೆ. ನೋಡಬಹುದಾದದ್ದನ್ನು ನೋಡದಿರುವುದು ಅಜ್ಞಾನವಲ್ಲ, ಪ್ರಮಾದ. ಅಗ್ಗದ ದರದ ಜೊತೆಗೆ ಈ ನಿಧಿಯು ನಮಗೆ ಮಾರುವುದು ಇದನ್ನೇ, ನೋಡದೆ ಇರುವ ಸೌಕರ್ಯವನ್ನು.

ಜರಡಿ ಹಿಡಿದ ಸೂಚ್ಯಂಕಗಳು ಇಲ್ಲದೆ ಇಲ್ಲ. 2008ರಲ್ಲಿ ಡೌ ಜೋನ್ಸ್ ಸಂಸ್ಥೆ ಧರ್ಮ ಸೂಚ್ಯಂಕಗಳೆಂಬ ಹೆಸರಿನಲ್ಲಿ ಭಾರತೀಯ ಧರ್ಮಗಳ ನೀತಿಗೆ ಹೊಂದುವ ಪಟ್ಟಿಗಳನ್ನು ಹೊರತಂದಿತು. ಎಂಎಸ್‌ಸಿಐ ವರ್ಲ್ಡ್ ಎಸ್‌ಆರ್‌ಐ ಎಂಬ ಪಟ್ಟಿಯು ಮದ್ಯ, ತಂಬಾಕು, ಜೂಜು, ಶಸ್ತ್ರಾಸ್ತ್ರಗಳನ್ನು ತೆಗೆಯುತ್ತದೆ. ಇದನ್ನು ಅನುಸರಿಸುವ ಐರ್ಲೆಂಡಿನ ನಿಧಿ ಶೇ. 0.20ಕ್ಕೇ ದೊರೆಯುತ್ತದೆ. ಆದರೆ ಮಾಂಸವು ಆ ಜರಡಿಯ ನಿಯಮದಲ್ಲಿಲ್ಲ. ಅದು ಅನ್ಯರ ವ್ರತಕ್ಕಾಗಿ ಹೆಣೆದ ಜರಡಿ. 2019ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಯುಎಸ್ ವೀಗನ್ ಕ್ಲೈಮೇಟ್ ಎಂಬ ನಿಧಿಯು ಪ್ರಾಣಿಗಳನ್ನು ಬಳಸಿಕೊಳ್ಳುವ ಉದ್ಯಮಗಳನ್ನೇ ಬಿಡುತ್ತದೆ. ಅದರ ವೆಚ್ಚ ಶೇ. 0.60. ಅಮೆರಿಕದ್ದಾದ್ದರಿಂದ ಮೇಲೆ ಹೇಳಿದ 60,000 ಡಾಲರಿನ ಗಡಿಯನ್ನೂ ನೆನಪಿಡಬೇಕು.

ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ, ಶೇ. 0.60 ವೆಚ್ಚದಲ್ಲಿ ಒಂದು ಲಕ್ಷವು 30 ವರ್ಷಕ್ಕೆ 6.43 ಲಕ್ಷವಾಗುತ್ತದೆ. ಅಂದರೆ ವಿವೇಕದ ಬೆಲೆ ಸುಮಾರು 77 ಸಾವಿರ. ನಿಧಿಯ ವ್ಯವಸ್ಥಾಪಕನ ಕೀರ್ತಿಗೆ ಎರಡು ಲಕ್ಷವನ್ನು ಮಾತಿಲ್ಲದೆ ಕೊಡುವ ನಾವು ವ್ರತಕ್ಕೆ 77 ಸಾವಿರ ದುಬಾರಿಯೆನ್ನಬಹುದೇ? ಅದು ಖಾಲಿ ಬಿಟ್ಟ ಮಳಿಗೆಯ ಬಾಡಿಗೆಯೇ.

ಕೆಲವರು ಹೇಳುವುದುಂಟು: ಎಲ್ಲದರಲ್ಲೂ ಹೂಡೋಣ, ದೋಷದ ಪಾಲನ್ನು ಲೆಕ್ಕ ಹಾಕಿ ದಾನ ಮಾಡೋಣ. ತಿಳಿಯದೆ ಬಂದದ್ದನ್ನು ಹೊರಹಾಕಲು ಇದು ಯೋಗ್ಯ ಮಾರ್ಗ. ಆದರೆ ದಾನ ಮಾಡುವೆನೆಂಬ ಧೈರ್ಯದಿಂದ ತಿಳಿದೂ ತಿಳಿದೂ ಗಳಿಸುವುದು, ಸ್ನಾನ ಮಾಡಬಹುದೆಂದು ಕೆಸರಿಗೆ ಇಳಿದಂತೆ.

ಜರಡಿ ಎಷ್ಟೇ ನವಿರಾದರೂ ಮಿತಿಯ ಸ್ಥಾನಕ್ಕೆ ಬರಲಾರದು. ನಿರ್ದೋಷವಾದ ಷೇರುಗಳನ್ನೇ ಕೊಂಡು ಕೊನೆಯಿಲ್ಲದೆ ಕೂಡಿಡುವವನು ಮೊದಲ ವ್ರತವನ್ನು ಉಳಿಸಿಕೊಂಡು ಐದನೆಯದನ್ನು ಕಳೆದುಕೊಳ್ಳುತ್ತಾನೆ. ಆದ್ದರಿಂದ ಮಗನಿಗೆ ನನ್ನ ಎರಡನೆಯ ಉತ್ತರ ಹೀಗಿತ್ತು: ಮೊದಲು ಮುಪ್ಪಿಗೆ ಎಷ್ಟು ಸಾಕೆಂದು ಬರೆದಿಡು, ಆಮೇಲೆ ಜರಡಿಯನ್ನು ಆರಿಸು, ವರ್ಷಕ್ಕೊಮ್ಮೆ, ಪರ್ಯೂಷಣದ ದಿನಗಳಲ್ಲಿ, ಪಟ್ಟಿಯನ್ನು ಓದು. ಅವನು ತನ್ನ ನಿಧಿಯನ್ನು ಬದಲಿಸಿದನು. ಜರಡಿಯಲ್ಲಿ ಇನ್ನೂ ಕೆಲವು ರಂಧ್ರಗಳಿವೆಯೆಂದು ಅವನಿಗೂ ಗೊತ್ತು, ನನಗೂ ಗೊತ್ತು.

ಟ್ರಸ್ಟುಗಳ ವಿಶ್ವಸ್ತರಲ್ಲಿ ನನ್ನ ವಿನಂತಿಯೂ ಇಷ್ಟೇ. ವಾರ್ಷಿಕ ಸಭೆಯಲ್ಲಿ ಎಷ್ಟು ಬಂತು ಎಂದು ಓದುತ್ತೇವೆ. ಎಲ್ಲಿಂದ ಬಂತು ಎಂಬುದನ್ನೂ ತಿಳಿದಷ್ಟು ಮಟ್ಟಿಗೆ ಓದೋಣ. ತಂದೆಯವರ ಮಳಿಗೆಗೆ ಕೊನೆಗೆ ಒಬ್ಬ ಪುಸ್ತಕದ ವ್ಯಾಪಾರಿ ಬಂದನು. ಬಾಡಿಗೆ ಕಡಿಮೆಯಿತ್ತು. ಆ ಕೀರ್ದಿಪುಸ್ತಕ ಇಂದಿಗೂ ನನ್ನಲ್ಲಿದೆ. ಅದರ ಯಾವ ಪುಟವನ್ನೂ ಮೊಮ್ಮಕ್ಕಳಿಂದ ಮರೆಮಾಡಬೇಕಾಗಿಲ್ಲ.